ಕಮಾನಿನ ಕೆಳಗೆ ನಿಂತವನು

ಆ ಮನೆತನದಲ್ಲಿ ಕಲ್ಲಿನ ಕೆಲಸಕ್ಕೆ ಕೂತವನಿಗೆ ಸಿಗುತ್ತಿದ್ದ ಮೊದಲ ಪಾಠ ಎರಡೇ ಮಾತಿನದು: ಆ ಕೈಯಲ್ಲ. ಸುತ್ತಿಗೆ ಕೊಟ್ಟರೆ ಮಗು ಬಲಗೈ ಚಾಚುತ್ತದೆ. ಅಪ್ಪ ಅದನ್ನು ಮೆಲ್ಲಗೆ ಬಿಡಿಸಿ ಎಡಗೈಗೆ ಇಟ್ಟು, ಬಲಗೈಗೆ ಉಳಿ ಕೊಟ್ಟು, ಆ ಕೈಯಲ್ಲ, ಈ ಕೈ ಅನ್ನುತ್ತಿದ್ದ. ಅಪ್ಪನಿಗೆ ಅವನ ಅಪ್ಪ ಹಾಗೇ ಅಂದಿದ್ದ. ಯಾಕೆ ಅಂತ ಕೇಳಿದವರಿಲ್ಲ. ಕೇಳಿದ್ದರೂ ಹೇಳಬಲ್ಲವರು ಇರಲಿಲ್ಲ. ಉಣ್ಣುವುದು, ಬರೆಯುವುದು, ಬಾಗಿಲ ಅಗುಳಿ ತೆಗೆಯುವುದು ಎಲ್ಲ ಬಲಗೈಯಲ್ಲೇ. ಸುತ್ತಿಗೆ ಮಾತ್ರ ಎಡಗೈಯಲ್ಲಿ. ಪಟ್ಟಣದ ಬೇರೆ ಕಲ್ಲುಕುಟಿಗರು ಇವರ ಪಕ್ಕ ಕೂರಲು ಒಪ್ಪುತ್ತಿರಲಿಲ್ಲ. ಇವರ ಉಳಿಯಿಂದ ಸಿಡಿದ ಚೂರು ಉಲ್ಟಾ ಹಾರಿ ನೆಟ್ಟಗೆ ಪಕ್ಕದವನ ಮುಖಕ್ಕೇ ಬೀಳುತ್ತಿತ್ತು. ಕಮಾನಿನವರ ಪಕ್ಕ ಕೂರೋದೂ ಒಂದೇ, ಕಣ್ಣು ಕಳಕೊಳ್ಳೋದೂ ಒಂದೇ ಅನ್ನುವ ಮಾತು ಅಲ್ಲಿ ಗಾದೆಯ ಹಾಗೆ ನಡೆಯುತ್ತಿತ್ತು.

ಕಮಾನಿನವರು ಅನ್ನುವುದೇ ಮನೆತನದ ಹೆಸರು. ಪೇಟೆ ಬೀದಿಯ ಬಾಯಿಗೆ ಏಳುನೂರು ವರ್ಷದ ಒಂದು ಕಲ್ಲಿನ ಕಮಾನು ಇದೆ. ಎರಡು ಗಾಡಿ ಒಟ್ಟಿಗೆ ಹಾಯುವಷ್ಟು ಅಗಲ, ಮೂರಾಳು ಒಬ್ಬರ ಮೇಲೊಬ್ಬರು ನಿಂತಷ್ಟು ಎತ್ತರ. ಅದರ ಎಡಗಾಲಿಗೆ ಬೆನ್ನು ಕೊಟ್ಟು ಕೂತ ಹಾಗೆ ಇವರ ಮನೆ. ಮೂಲಪುರುಷ ಈ ಕಮಾನು ಕಟ್ಟಿದ, ಕಟ್ಟಿಸಿದವರು ಮೆಚ್ಚಿ ಪಕ್ಕದಲ್ಲೇ ಮನೆ ಜಾಗ ಕೊಟ್ಟರು, ಹೆಸರು ಹಾಗೇ ನಿಂತಿತು. ಇದು ಅಪ್ಪಂದಿರು ಮಕ್ಕಳಿಗೆ ಹೇಳಿಕೊಂಡು ಬಂದ ಕತೆ.

ಈಗ ಆ ಮನೆಗೆ ಹಿರಿಯ ದೊಡ್ಡಣ್ಣ. ಎಪ್ಪತ್ತೆಂಟು ದಾಟಿತ್ತು. ತಮ್ಮನಿಗೆ ಅಣ್ಣ, ಹಾಗಾಗಿ ಮನೆಯವರಿಗೆ ದೊಡ್ಡಣ್ಣ, ಮನೆಯವರು ಕರೆದದ್ದನ್ನು ಕೇಳಿ ಇಡೀ ಬೀದಿಗೆ ದೊಡ್ಡಣ್ಣ. ಶಾಲೆಯ ಮುಖ ನೋಡಿದ್ದು ಎರಡು ವರ್ಷ. ಅಕ್ಷರವನ್ನು ಬೆರಳಿಟ್ಟು ಒಂದೊಂದಾಗಿ ಹೆಕ್ಕಿ ಓದುತ್ತಿದ್ದ, ಕಲ್ಲನ್ನು ಮಾತ್ರ ಕಣ್ಣು ಹಾಯಿಸಿದ ಕೂಡಲೇ ಓದುತ್ತಿದ್ದ. ಇದು ಯಾವ ಗುಡ್ಡದ್ದು, ಎಷ್ಟು ಜನ ಕಡಿದದ್ದು, ಕಡಿದವನಿಗೆ ಅವಸರವಿತ್ತೋ ಸಮಾಧಾನವಿತ್ತೋ, ಎಲ್ಲ ಹೇಳುತ್ತಿದ್ದ. ಅದೂ ಕೇಳಿದರೆ ಮಾತ್ರ. ತಾನಾಗಿ ಬಾಯಿ ಬಿಡುವ ಜಾತಿಯಲ್ಲ. ಅರವತ್ತು ವರ್ಷ ಸಂಸಾರ ಮಾಡಿದ ಹೆಂಡತಿ, ಕಲ್ಲಾದರೂ ಹೊಡೆದರೆ ಸದ್ದು ಮಾಡುತ್ತೆ ಅನ್ನುತ್ತಿದ್ದಳು. ಈಚೆಗೆ ಬೆಳಗಿನ ಹೊತ್ತು ಅವನ ಬಲಗೈ ಬೆರಳು ಬಿಚ್ಚುತ್ತಿರಲಿಲ್ಲ. ಜೀವಮಾನವೆಲ್ಲ ಉಳಿ ಹಿಡಿದ ಕೈ, ಹಿಡಿದ ಹಾಗೇ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಅವಳು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ ಒಂದೊಂದೇ ಬೆರಳು ಬಿಡಿಸಿಕೊಡುತ್ತಿದ್ದಳು.

ಮನೆತನಕ್ಕೆ ಇನ್ನೊಂದು ರೂಢಿ ಇತ್ತು. ಕಲ್ಲಿನ ಕಮಾನು ಕಟ್ಟುವಾಗ ಕೆಳಗೆ ಮರದ ಆಸರೆ ಕೊಡುತ್ತಾರೆ. ಈಗಿನವರು ಅದಕ್ಕೆ ಸೆಂಟ್ರಿಂಗ್ ಅನ್ನುತ್ತಾರೆ. ಕಲ್ಲೆಲ್ಲ ಕೂತು ನೆತ್ತಿಯ ಕಲ್ಲು ಬಿಗಿದ ಮೇಲೆ, ಗಾರೆ ಗಟ್ಟಿಯಾದ ಮೇಲೆ, ಆ ಮರದ ಅಡಿಯ ಬೆಣೆಗಳನ್ನು ಹೊಡೆದು ತೆಗೆಯಬೇಕು. ಆಗ ಗೊತ್ತಾಗುವುದು ಕಮಾನು ನಿಲ್ಲುತ್ತದೋ ಬೀಳುತ್ತದೋ ಅಂತ. ಬೇರೆಯವರು ದೂರ ನಿಂತು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಕಮಾನಿನವರಲ್ಲಿ ಮಾತ್ರ ಮನೆಯ ಹಿರಿಯ ಒಬ್ಬನೇ ಕೆಳಗೆ ಹೋಗಿ ನಿಂತು, ಎಡಗೈಯಲ್ಲಿ ಸುತ್ತಿಗೆ ಹಿಡಿದು ಕೊನೆಯ ಬೆಣೆ ಹೊಡೆಯಬೇಕು. ಕಿಟಕಿಯ ಮೇಲಿನ ಮೊಳದಗಲದ ಕಮಾನಾದರೂ ಸರಿ. ಕಟ್ಟಿದವನಿಗೆ ತನ್ನ ಕೆಲಸದ ಮೇಲೆ ನಂಬಿಕೆ ಇರಬೇಕು ಅಂತ ಅಪ್ಪ ಕಾರಣ ಕೊಡುತ್ತಿದ್ದ. ದೊಡ್ಡಣ್ಣ ತನ್ನ ಕಾಲದಲ್ಲಿ ನಲವತ್ತಕ್ಕೂ ಹೆಚ್ಚು ಸಲ ಹಾಗೆ ನಿಂತಿದ್ದ. ತಲೆಯ ಮೇಲೆ ಸ್ವಲ್ಪ ಧೂಳು ಬಿದ್ದದ್ದು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ.

ಅವನ ತಮ್ಮ ಮೇಷ್ಟ್ರು. ಮೂವತ್ತೈದು ವರ್ಷ ಮಕ್ಕಳಿಗೆ ಇತಿಹಾಸ ಹೇಳಿ ನಿವೃತ್ತನಾದವನು, ಬೀದಿಯ ಆ ತುದಿಯಲ್ಲಿ ಮನೆ. ಅವನು ಓದಿಗೆ ಹೋದದ್ದಕ್ಕೂ ಒಂದು ಕತೆಯಿದೆ. ಎಂಟನೇ ವರ್ಷಕ್ಕೆ ಅವನನ್ನೂ ಅಪ್ಪ ಕಲ್ಲಿನ ಮುಂದೆ ಕೂರಿಸಿದ್ದ. ಆ ಕೈಯಲ್ಲ ಅಂದ. ಹುಡುಗ ಎಡಗೈಗೆ ತೆಗೆದುಕೊಂಡ. ಅಪ್ಪ ಅತ್ತ ತಿರುಗಿದ ಕೂಡಲೇ ಸುತ್ತಿಗೆ ಮತ್ತೆ ಬಲಗೈಗೆ. ಒಂದು ದಿನವಲ್ಲ, ಎರಡು ದಿನವಲ್ಲ, ಒಂದು ವರ್ಷ ಇದೇ ಆಯಿತು. ಹಟವಲ್ಲ, ಅವನ ಎಡಗೈಗೆ ಅದು ಬರುತ್ತಲೇ ಇರಲಿಲ್ಲ. ಕಡೆಗೆ ಅಪ್ಪ, ಇವನು ಓದಲಿ ಬಿಡು ಅಂದುಬಿಟ್ಟ. ಬೈಯಲಿಲ್ಲ, ಹೊಡೆಯಲಿಲ್ಲ, ಸುತ್ತಿಗೆ ತೆಗೆದು ಗೂಡಿನಲ್ಲಿಟ್ಟ. ತಮ್ಮ ಅವತ್ತು ಹಿತ್ತಲಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದು ದೊಡ್ಡಣ್ಣನಿಗೆ ನೆನಪಿದೆ. ಅರವತ್ತೈದು ವರ್ಷವಾದರೂ ಆ ಮಾತನ್ನು ಅಣ್ಣತಮ್ಮ ಇಬ್ಬರೂ ಎತ್ತಿದವರಲ್ಲ.

ಕೈಯಲ್ಲಿ ಆಗದ್ದನ್ನು ಮೇಷ್ಟ್ರು ಕಾಗದದಲ್ಲಿ ಮಾಡಿದ. ನಿವೃತ್ತಿಯಾದ ಮೇಲೆ ಹದಿನಾಲ್ಕು ವರ್ಷ ಮನೆತನದ ಚರಿತ್ರೆ ಬರೆದ. ನಗರಸಭೆಯ ಹಳೆಯ ದಾಖಲೆಗಳ ಕಚೇರಿಗೆ ಅವನು ಹೋಗದ ವಾರವಿಲ್ಲ. ಹಿಂದಕ್ಕೆ ಹಿಂದಕ್ಕೆ ಹೋಗಿ ನಾನೂರು ವರ್ಷದವರೆಗೆ ಒಬ್ಬೊಬ್ಬ ಅಜ್ಜನನ್ನೂ ಹಿಡಿದು ತಂದ. ಅದರಿಂದಾಚೆ ಕಾಗದ ಹರಿದಿತ್ತು, ಹುಳು ತಿಂದಿತ್ತು, ಬರಹ ಬೇರೆ ಥರದ್ದಿತ್ತು. ಅಲ್ಲಿಂದ ಮೂಲಪುರುಷನವರೆಗಿನ ಮುನ್ನೂರು ವರ್ಷವನ್ನು ಅಪ್ಪ ಹೇಳಿದ ಕತೆಯ ಮೇಲೆ ಹಾರಿದ. ಪುಸ್ತಕ ಅಚ್ಚಾಗಿ ಬಂತು, ಇನ್ನೂರು ಪ್ರತಿ. ಮೊದಲ ಅಧ್ಯಾಯದ ಹೆಸರು ‘ಕಮಾನು ಕಟ್ಟಿದ ಮಹಾಶಿಲ್ಪಿ’. ಓದಿ ಹೇಳಿದಾಗ ದೊಡ್ಡಣ್ಣ, ಚೆನ್ನಾಗಿದೆ ಕಣೋ ಅಂದ. ಅವನ ಹೆಂಡತಿ ಮಾತ್ರ, ಸತ್ತು ಏಳುನೂರು ವರ್ಷ ಆದವನಿಗೆ ಇರೋ ಮರ್ಯಾದೆ ಬದುಕಿರೋ ನನಗಿಲ್ಲ ಈ ಮನೇಲಿ ಅಂತ ನಕ್ಕಳು.

ಅದೇ ಹೊತ್ತಿಗೆ ಕಮಾನಿನ ನೆತ್ತಿಯಲ್ಲಿ ಬಿರುಕು ಬಿಟ್ಟು, ನಗರಸಭೆಯವರು ರಿಪೇರಿಗೆ ಕೈಹಾಕಿದ್ದರು. ಕೆಳಗೆ ಸೆಂಟ್ರಿಂಗ್ ಕೊಟ್ಟು, ಮೇಲಿನ ಒಂಬತ್ತು ಕಲ್ಲು ಬಿಚ್ಚಿ, ನಂಬರು ಹಾಕಿ, ಬೀದಿಯ ಬದಿಯಲ್ಲಿ ಸಾಲಾಗಿ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ಕಮಾನಿನ ಕಾಲಿಗೆ ಒಂದು ಹಿತ್ತಾಳೆ ಫಲಕ ಹಾಕುವುದು, ಅದರ ಮೇಲೆ ಕಟ್ಟಿದವನು ಕಮಾನಿನವರ ಮೂಲಪುರುಷ ಅಂತ ಬರೆಯುವುದು ಎಂದು ಮೇಷ್ಟ್ರು ಅರ್ಜಿ ಕೊಟ್ಟಿದ್ದ. ಎಲ್ಲರೂ ಒಪ್ಪಿದ್ದರು, ಒಬ್ಬಳನ್ನು ಬಿಟ್ಟು. ದಾಖಲೆ ಕಚೇರಿಯ ಕನ್ನಡಕದ ಹೆಣ್ಣುಮಗಳು. ಅವಳಿಗೆ ಮೇಷ್ಟ್ರ ಮೇಲೆ ಗೌರವವೇ. ಆದರೆ ಒಂದು ಹರಿದ ಹಾಳೆಯಲ್ಲಿ, ಕಟ್ಟಲು ದೂರದಿಂದ ಏಳು ಜನ ಬಂದರು ಅನ್ನುವ ಅರ್ಧ ಸಾಲು ಕಂಡಿದ್ದಳು. ಮುಂದಿನದು ಸಿಕ್ಕಿರಲಿಲ್ಲ. ಕಾಗದ ಹೇಳದಿದ್ದರೆ ಕಲ್ಲು ಹೇಳೀತೇನೋ ಅಂತ ಅವಳು ಒಂದು ಬೆಳಿಗ್ಗೆ ದೊಡ್ಡಣ್ಣನ ಬಾಗಿಲಿಗೆ ಬಂದಳು.

ಬಿಚ್ಚಿಟ್ಟ ಕಲ್ಲುಗಳ ಒಳಮೈ ನೋಡಿಕೊಡಿ ಅಜ್ಜ, ಅಂದಳು. ಒಳಮೈ ಅಂದರೆ ಕಲ್ಲಿಗೆ ಕಲ್ಲು ತಾಗಿ ಕೂತ ಮೈ. ಬಿಸಿಲು ಮಳೆ ಕಾಣದೆ ಏಳುನೂರು ವರ್ಷ ಗಾರೆಯೊಳಗಿದ್ದದ್ದು. ಅಲ್ಲಿ ಉಳಿಯ ಗೆರೆ ನಿನ್ನೆ ಎಳೆದಷ್ಟು ಹೊಸದಾಗಿರುತ್ತದೆ. ನಾಡಿದ್ದು ಮತ್ತೆ ಮೇಲೇರಿಸಿಬಿಡುತ್ತಾರೆ, ಆಮೇಲೆ ಯಾರಿಗೂ ಕಾಣುವುದಿಲ್ಲ. ನಿಮ್ಮ ಮನೆಯವರ ಕೈ ಬೇರೆ ಥರ ಅಂತಾರಲ್ಲ, ಗೊತ್ತಾಗುತ್ತಾ, ಅಂತ ಕೇಳಿದಳು.

ಗೊತ್ತಾಗದೆ ಏನು. ಸುತ್ತಿಗೆ ಬಲಗೈಯಲ್ಲಿ ಹಿಡಿದವನ ಗೆರೆ ಮೇಲೆ ಬಲದಿಂದ ಕೆಳಗೆ ಎಡಕ್ಕೆ ಇಳಿಯುತ್ತದೆ. ಎಡಗೈಯವನದು ಮೇಲೆ ಎಡದಿಂದ ಕೆಳಗೆ ಬಲಕ್ಕೆ. ದೊಡ್ಡಣ್ಣ ಒಂಬತ್ತು ಕಲ್ಲನ್ನೂ ನೋಡಿದ. ಮೊದಲು ಕಣ್ಣಲ್ಲಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕಣ್ಣು ಮುಚ್ಚಿ ಬೆರಳಲ್ಲಿ. ಎಂಥಾ ಕೈಗಳು! ಒಬ್ಬನದು ಒತ್ತೊತ್ತಾಗಿ ಬಾಚಿದ ಕೂದಲಿನ ಹಾಗೆ. ಒಬ್ಬ ಮೂಲೆಗೆ ಬಂದಾಗ ಪ್ರತಿ ಸಲ ಎರಡು ಸಣ್ಣ ಏಟು ಹಾಕುತ್ತಿದ್ದ. ಒಬ್ಬನಿಗೆ ಉಳಿ ಮಸೆಯುವ ತಾಳ್ಮೆ ಇರಲಿಲ್ಲ. ಎಲ್ಲ ಸೇರಿ ಐದೋ ಆರೋ ಜನ, ಒಬ್ಬರಿಗಿಂತ ಒಬ್ಬರು ಗಟ್ಟಿಗರು. ಮತ್ತೆ ಎಲ್ಲರದೂ ಗೆರೆ ಬಲದಿಂದ ಎಡಕ್ಕೆ. ಇಂಜಿನಿಯರ್‌ನ ಅಪ್ಪಣೆ ಪಡೆದು ಅಟ್ಟಣೆ ಹತ್ತಿ, ಬಿಚ್ಚಿದ ಜಾಗದ ಎರಡೂ ಪಕ್ಕದ ಕಲ್ಲು ನೋಡಿದ. ಅಲ್ಲೂ ಹಾಗೇ. ಮನೆಯ ಗೆರೆ ಒಂದೇ ಒಂದು ಇರಲಿಲ್ಲ.

ಇಳಿದು ಬಂದ ಮೇಲೆ ಹೆಣ್ಣುಮಗಳು ಅವನ ಮುಖ ನೋಡುತ್ತಾ ನಿಂತಳು. ಅವನು, ನಾಳಿದ್ದು ಹೇಳ್ತೀನಮ್ಮ ಅಂತಷ್ಟೇ ಅಂದು ಮನೆಗೆ ನಡೆದ. ನಾಲ್ಕು ಹೆಜ್ಜೆ ದೂರದ ಮನೆ ಅವತ್ತು ನಾಲ್ಕು ಹರದಾರಿಯಾಯಿತು.

ಹೇಳದೇ ಇರಬಹುದಿತ್ತು. ಒಂಬತ್ತು ಕಲ್ಲು ಮೇಲೇರಿದರೆ ಇನ್ನು ಏಳುನೂರು ವರ್ಷ ಯಾರೂ ಕೇಳುವ ಹಾಗಿಲ್ಲ. ಇದು ನಮ್ಮವರ ಕೈ ಅಂದರೆ ಪಟ್ಟಣದಲ್ಲಿ ಎದುರಾಡುವವನಿಲ್ಲ. ಆ ವಿದ್ಯೆ ಬಲ್ಲವನು ಅವನೊಬ್ಬನೇ. ತಮ್ಮನ ಹದಿನಾಲ್ಕು ವರ್ಷದ ಕೆಲಸ ಉಳಿಯುತ್ತದೆ. ಅಪ್ಪನ ಮಾತು ಉಳಿಯುತ್ತದೆ. ಇಲ್ಲ ಅಂದರೆ ಎರಡೂ ಹೋಗುತ್ತವೆ, ಅದರ ಜೊತೆ ತಮ್ಮನೂ ಹೋದಾನು. ಎಂಟನೇ ವರ್ಷದಲ್ಲಿ ಒಂದು ಸಲ ಈ ಮನೆತನದ ಕೆಲಸದಿಂದ ಹೊರಗೆ ಬಿದ್ದವನನ್ನು ಈ ವಯಸ್ಸಲ್ಲಿ ಇನ್ನೊಂದು ಸಲ, ಅದೂ ಅಣ್ಣನೇ, ಹೊರಗೆ ತಳ್ಳುವುದೇ? ದೊಡ್ಡಣ್ಣ ಊಟ ಮಾಡದೆ ಕೂತದ್ದನ್ನು ಕಂಡು ಹೆಂಡತಿ ಕಾರಣ ಕೇಳಿದಳು. ಹೇಳಿದ. ಅವಳು, "ನೀವು ಮನುಷ್ಯರ ಹತ್ತಿರ ಬೇಕಾದಷ್ಟು ಸಲ ಸುಳ್ಳು ಹೇಳಿದೀರಿ, ನನಗೆ ಗೊತ್ತು. ಕಲ್ಲಿನ ವಿಷಯದಲ್ಲಿ ಯಾವತ್ತಾದರೂ ಹೇಳಿದೀರಾ?" ಅಂದಳು.

"ಇಲ್ಲ."

"ಹಾಗಾದರೆ ಈ ವಯಸ್ಸಲ್ಲಿ ಹೊಸದಾಗಿ ಕಲಿಯೋಕೆ ಆಗಲ್ಲ ಬಿಡಿ. ಆದರೆ ಆ ಕನ್ನಡಕದ ಹುಡುಗಿಗೆ ಮೊದಲು ಹೇಳಬೇಡಿ. ಮೊದಲು ಮೈದುನನಿಗೆ ಹೇಳಿ."

ಹಾಗೇ ಮಾಡಿದ. ಮೇಷ್ಟ್ರ ಮನೆಯ ನಡುಮನೆಯಲ್ಲಿ ಹೊಸ ಪುಸ್ತಕಗಳ ಕಟ್ಟು ಸೊಂಟದೆತ್ತರಕ್ಕೆ ಇತ್ತು. ಅಚ್ಚಿನ ವಾಸನೆ ಇನ್ನೂ ಹೋಗಿರಲಿಲ್ಲ. ದೊಡ್ಡಣ್ಣ ಕೂರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲು ಅವನಿಗೆ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೇಷ್ಟ್ರು ಮೊದಲು ನಕ್ಕ. ಆಮೇಲೆ, ಮೂಲಪುರುಷ ಬಲಗೈಯವನೇ ಇರಬಹುದು, ಎಡಗೈ ರೂಢಿ ನಡುವೆ ಯಾವಾಗಲೋ ಬಂದಿರಬಹುದು ಅಂತ ವಾದ ಹೂಡಿದ. ಇರಬಹುದು, ಆದರೆ ಅದು ನಮ್ಮ ಕೈ ಅಂತ ನಾನು ಹೇಳೋಕಾಗಲ್ಲ ಅಂದ ದೊಡ್ಡಣ್ಣ. ಆಗ ಮೇಷ್ಟ್ರ ಮುಖ ಬಿಗಿಯಿತು.

"ಉಂಡ ಮನೆಯ ಜಂತೆ ಎಣಿಸೋಕೆ ಹೊರಟೆಯಲ್ಲಣ್ಣ. ಎರಡನೇ ಕ್ಲಾಸು ಓದಿದವನು ನನ್ನ ಪುಸ್ತಕ ತಿದ್ದೋಕೆ ಬಂದೆಯಾ?"

"ಪುಸ್ತಕ ನಾನು ಓದಿಲ್ಲ ಕಣೋ. ಕಲ್ಲು ಓದಿದೆ, ಅಷ್ಟೇ."

"ಅಪ್ಪ ಇದ್ದಿದ್ದರೆ ಹೀಗೆ ಹೇಳ್ತಿದ್ದೆಯಾ?"

ದೊಡ್ಡಣ್ಣ ಹೊರಟ. ಬಾಗಿಲು ದಾಟುವಾಗ ಹಿಂದಿನಿಂದ ತಮ್ಮನ ದನಿ ಬಂತು, ಜೋರಾಗಿ ಅಲ್ಲ, ತನ್ನಷ್ಟಕ್ಕೆ ಅಂದುಕೊಂಡ ಹಾಗೆ. "ಅವತ್ತು ಅಪ್ಪ ತೆಗೆದಿಟ್ಟ. ಇವತ್ತು ನೀನು."

ಅರವತ್ತೈದು ವರ್ಷದ ಮೇಲೆ ಮೊದಲ ಸಲ ಆ ಮಾತು ಹೊರಗೆ ಬಂತು.

ಕನ್ನಡಕದ ಹೆಣ್ಣುಮಗಳಿಗೆ ಮಾರನೆಯ ದಿನ ಹೇಳಿದ. ಅವಳು ಗೆದ್ದವಳ ಹಾಗೆ ಮಾಡಲಿಲ್ಲ, ಬೇಜಾರಾಗಿ ಬರೆದುಕೊಂಡಳು. ಒಂಬತ್ತು ಕಲ್ಲು ಮೇಲೇರಿದವು. ಗಾರೆ ಗಟ್ಟಿಯಾಗಲು ಐದು ವಾರ ಬೇಕು ಅಂದರು. ಆ ಐದು ವಾರದಲ್ಲಿ ಮೂರು ವಾರ ಮೇಷ್ಟ್ರು ಈ ಕಡೆ ತಲೆ ಹಾಕಲಿಲ್ಲ. ಸಂಜೆ ಎಂದಿನಂತೆ ಬೀದಿಗೆ ಬಂದರೂ ಕಮಾನಿನ ಹತ್ತಿರ ಬಂದಾಗ ಎದುರು ಬದಿಗೆ ದಾಟಿಬಿಡುತ್ತಿದ್ದ. ದೊಡ್ಡಣ್ಣ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಕರೆಯಬೇಕೆನಿಸುತ್ತಿತ್ತು, ಕರೆದು ಏನು ಹೇಳುವುದು? ಹೆಂಡತಿ, ಇಬ್ಬರೂ ಒಂದೇ ಗುಡ್ಡದ ಕಲ್ಲು ಅಂದಳು.

ನಾಲ್ಕನೇ ವಾರ, ಬೆಳಗಿನ ಬಿಸಿನೀರಿನ ಹೊತ್ತಿಗೆ, ಮೇಷ್ಟ್ರು ಬಂದು ನಿಂತ. ಗಡ್ಡ ಬೆಳೆದಿತ್ತು. ಕಂಕುಳಲ್ಲಿ ಕಾಗದದ ಕಟ್ಟು. ಅತ್ತಿಗೆ ಕೊಟ್ಟ ಚಹಾ ಹಿಡಿದುಕೊಂಡು, ಪಾತ್ರೆಯೊಳಗಿದ್ದ ಅಣ್ಣನ ಕೈಯನ್ನೇ ನೋಡುತ್ತಾ ಕೂತ.

ಆ ಮೂರು ವಾರವೂ ಅವನು ದಾಖಲೆ ಕಚೇರಿಯಲ್ಲೇ ಇದ್ದನಂತೆ. ಅಣ್ಣ ತಪ್ಪು ಅಂತ ತೋರಿಸಲೇಬೇಕೆಂದು ಹೊರಟವನು. ಕನ್ನಡಕದವಳನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಅವಳಿಂದ ಹಳೆಯ ಬರಹ ಓದಿಸಿ, ಹರಿದ ಹಾಳೆಯ ಉಳಿದರ್ಧ ಹುಡುಕಿದ. ಅದು ಸಿಕ್ಕಿದ್ದು ಕಟ್ಟಡದ ಕಡತದಲ್ಲಲ್ಲ, ಸೆರೆಮನೆಯ ಕಡತದಲ್ಲಿ. ಈಗಿನ ಮಾತಿಗೆ ಇಳಿಸಿ ಬರೆದುಕೊಂಡು ಬಂದಿದ್ದ. ಕನ್ನಡಕ ಹಾಕಿಕೊಂಡು, ಮಕ್ಕಳಿಗೆ ಓದುವ ದನಿಯಲ್ಲೇ ಓದಿದ.

"ಕಮಾನು ಮುಗಿಯಿತು. ಕಟ್ಟಿದ ಏಳು ಜನ ಮರ ಬಿಡಿಸಲು ಕೆಳಗೆ ಹೋಗಲು ಒಪ್ಪಲಿಲ್ಲ, ಚಳಿಗೆ ಗಾರೆ ಕಚ್ಚಿಲ್ಲ ಅಂದರು. ತನಗಾಗಿ ಜಾಮೀನು ನಿಲ್ಲುವವರಿಲ್ಲದೆ ಊರೊಳಗೆ ಬಂದು ಸಿಕ್ಕಿಬಿದ್ದಿದ್ದ ಹೊರಗಿನವನೊಬ್ಬ ಸೆರೆಯಲ್ಲಿದ್ದ. ಅವನಿಗೆ ಕೇಳುವವರು ಯಾರೂ ಇರಲಿಲ್ಲ. ಕಮಾನು ನಿಂತರೆ ಬಿಡುಗಡೆ ಅಂದು ಅವನನ್ನು ಕಳಿಸಿದರು. ಅವನ ಬಲಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ಎಡಗೈಯಲ್ಲಿ ಎಲ್ಲ ಬೆಣೆಗಳನ್ನೂ ಹೊಡೆದು ತೆಗೆದ. ಕಮಾನು ನಿಂತಿತು. ಅವನೂ ನಿಂತಿದ್ದ. ಕಮಾನಿನ ಎಡಗಾಲಿನ ಹತ್ತಿರ ಅವನಿಗೆ ಒಂದು ಮನೆಯಷ್ಟು ಜಾಗ."

ಓದಿ ಮುಗಿಸಿ, ಹನ್ನೊಂದು ವರ್ಷ ಆದಮೇಲಿನ ಮನೆಗಳ ಪಟ್ಟಿಯಲ್ಲಿ ಒಂದು ಸಾಲಿದೆ ಅಂದ. ಕಮಾನಿನವನು, ಕಲ್ಲಿನ ಕೆಲಸ, ಇಬ್ಬರು ಗಂಡುಮಕ್ಕಳು. ಆ ಹೆಸರು ಕಾಗದದಲ್ಲಿ ಕಾಣುವುದು ಅದೇ ಮೊದಲು.

ದೊಡ್ಡಣ್ಣ ತನ್ನ ಬಲಗೈಯನ್ನು ನೀರಿನಿಂದ ಎತ್ತಿ ನೋಡಿಕೊಂಡ. ಬೆರಳು ಅರ್ಧ ಬಿಚ್ಚಿದ್ದವು. ಬಿಚ್ಚದ ಮುಷ್ಟಿಗೆ ಸುತ್ತಿಗೆ ಬೀಸಲು ಬಾರದು, ಆದರೆ ಉಳಿ ತೂರಿಸಿದರೆ ಅದು ಅಲ್ಲೇ ನಿಲ್ಲುತ್ತದೆ, ಅಲ್ಲಾಡುವುದೂ ಇಲ್ಲ. ಹೊಡೆಯಲು ಎಡಗೈ ಇದೆಯಲ್ಲ. ಮಕ್ಕಳು ಕೇಳಿದರೆ ಆ ಮೂಲಪುರುಷ ತನಗೆ ಬಂದ ಹಾಗೇ ತೋರಿಸಿಕೊಟ್ಟಿರಬೇಕು. ಮಕ್ಕಳು ತಮ್ಮ ಮಕ್ಕಳಿಗೆ.

"ಸೆರೆಮನೆಯವನು," ಅಂದ ಮೇಷ್ಟ್ರು. "ಮಹಾಶಿಲ್ಪಿ ಅಂತ ಇನ್ನೂರು ಪ್ರತಿ ಹಾಕಿಸಿದೀನಿ. ಸತ್ತರೂ ಚಿಂತೆಯಿಲ್ಲ ಅಂತ ಕೆಳಗೆ ಕಳಿಸಿದರಲ್ಲ, ಅವನು ನಮ್ಮ ಅಜ್ಜ."

ದೊಡ್ಡಣ್ಣ ಕೈ ಒರೆಸಿಕೊಂಡು ಎದ್ದ. "ಬಾ ಇಲ್ಲಿ," ಅಂತ ತಮ್ಮನನ್ನು ಬೀದಿ ಬಾಗಿಲಿಗೆ ಕರೆದುಕೊಂಡು ಹೋಗಿ ಮೆಟ್ಟಿಲು ತೋರಿಸಿದ. ಒಂದೇ ಕಲ್ಲಿನ ಮೆಟ್ಟಿಲು, ತುಳಿದು ತುಳಿದು ನಡುವೆ ಬಟ್ಟಲಾಗಿತ್ತು. ಮೂಲೆಗಳಲ್ಲಿ ಮಾತ್ರ ಉಳಿಯ ಗೆರೆ ಉಳಿದಿದ್ದವು. ಮನೆಯ ಕಲ್ಲುಗಳಲ್ಲೆಲ್ಲ ಕೆಟ್ಟ ಕೆಲಸ ಅದು. ಗೆರೆ ಒಂದು ಆಳ, ಒಂದು ಮೇಲೆ, ಅಂಚು ಹಲ್ಲು ಬಿದ್ದ ಬಾಯಿ. ಕಲ್ಲಿನ ಕೆಲಸದವರ ಮನೆಗೆ ಇಂಥ ಮೆಟ್ಟಿಲಾ ಅಂತ ಜನ ನಗುತ್ತಿದ್ದರು. ಅಪ್ಪನಿಗೆ ಅದನ್ನು ಬದಲಾಯಿಸುವ ಆಸೆ, ಅಜ್ಜ ಬಿಟ್ಟಿರಲಿಲ್ಲವಂತೆ. ಯಾರೋ ಕಲಿಯೋನು ಮಾಡಿದ್ದು, ಇರಲಿ ಅಂದಿದ್ದನಂತೆ.

ಮೇಷ್ಟ್ರು ಬಗ್ಗಿ ಕೂತು ಮೂಲೆಗೆ ಬೆರಳಿಟ್ಟ. ಗೆರೆ ಎಡದಿಂದ ಬಲಕ್ಕೆ ಇಳಿದಿತ್ತು. ಬಹಳ ಹೊತ್ತು ಹಾಗೇ ಕೂತಿದ್ದ. ದಾರಿಯಲ್ಲಿ ಹೋಗುವವರು, ಮೇಷ್ಟ್ರೇ ಏನು ಕಳಕೊಂಡಿರಿ ಅಂತ ಕೇಳಿಕೊಂಡು ಹೋದರು.

"ಸೆರೆಯಿಂದ ಬಿಟ್ಟ ಮೇಲೆ ಅವನು ಓಡಿಹೋಗಬಹುದಿತ್ತಲ್ಲಣ್ಣ," ಅಂದ ಕಡೆಗೆ. "ಯಾಕೆ ಇಲ್ಲೇ ಕೂತ?"

"ನಿಲ್ಲುತ್ತೋ ಇಲ್ಲವೋ ಅಂತ ನೋಡ್ತಾ ಕೂತಿದ್ದನೇನೋ."

ಮೇಷ್ಟ್ರಿಗೆ ನಗು ಬಂತು, ತಡೆಯಲಾಗಲಿಲ್ಲ. ಮೂರು ವಾರದ ಮೇಲೆ ನಕ್ಕದ್ದು. ಒಳಗಿನಿಂದ ಅತ್ತಿಗೆ, ಬಾಗಿಲಲ್ಲಿ ಕೂತು ಹಲ್ಲು ಕಿರಿಯುವ ಬದಲು ಒಳಗೆ ಬಂದು ಕಿರೀರಿ, ಚಹಾ ಆರುತ್ತೆ ಅಂದಳು.

ಫಲಕದ ಮಾತನ್ನು ಮೇಷ್ಟ್ರೇ ಹೋಗಿ ಬದಲಾಯಿಸಿದ. ನಗರಸಭೆಯವರು, ಸೆರೆಮನೆ ಗಿರೆಮನೆ ಯಾಕೆ, ಮೊದಲಿನದೇ ಚೆನ್ನಾಗಿತ್ತಲ್ಲ ಅಂದರಂತೆ. ಅವನು ಕೇಳಲಿಲ್ಲ. ಪುಸ್ತಕಕ್ಕೆ ಒಂದು ಹಾಳೆ ಹೆಚ್ಚಿಗೆ ಅಚ್ಚು ಹಾಕಿಸಿ, ಇನ್ನೂರು ಪ್ರತಿಗೂ ಮೊದಲ ಅಧ್ಯಾಯದ ಮುಂದೆ ತಾನೇ ಅಂಟಿಸುತ್ತಾ ಕೂತ. ಮೊದಲ ಅಧ್ಯಾಯ ಹರಿದು ಹಾಕಿಬಿಡಿ ಅಂತ ಕನ್ನಡಕದವಳು ಹೇಳಿದ್ದಳು. ಅದು ಬೇಡ, ಅಪ್ಪ ಹೇಳಿದ್ದೂ ಇರಲಿ, ಕಡತ ಹೇಳಿದ್ದೂ ಇರಲಿ ಅಂದ. ಮೂಲಪುರುಷ ಸೆರೆಗೆ ಬೀಳುವ ಮೊದಲು ಯಾರು, ಎಲ್ಲಿಯವನು, ಕೈ ಹೇಗೆ ಹೋಯಿತು ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ. ಅದನ್ನು ಬರೆಯಲು ಕೈ ತುರಿಸುತ್ತಿತ್ತು ಮೇಷ್ಟ್ರಿಗೆ. ಕಡತದಲ್ಲಿ ಇಲ್ಲದ್ದು ನಮಗೂ ಬೇಡ ಬಿಡು ಅಂದ ದೊಡ್ಡಣ್ಣ. ಬಿಟ್ಟ.

ಸೆಂಟ್ರಿಂಗ್ ತೆಗೆಯುವ ದಿನ ಬೀದಿಗೆ ಹಗ್ಗ ಕಟ್ಟಿ ಜನರನ್ನು ಆಚೆ ನಿಲ್ಲಿಸಿದ್ದರು. ಎಳೆ ಬಿಸಿಲು. ಇಂಜಿನಿಯರ್ ಹಳದಿ ಟೋಪಿ ಹಾಕಿಕೊಂಡು ಓಡಾಡುತ್ತಿದ್ದ. ಮರವನ್ನು ಸುತ್ತಲೂ ಸಡಿಲಿಸಿ, ನಡುವಿನ ಕಂಬದಡಿಯ ಒಂದು ಬೆಣೆ ಉಳಿಸಿದ್ದರು. ಅದಕ್ಕೆ ಉದ್ದನೆಯ ಹಗ್ಗ ಕಟ್ಟುವ ಹೊತ್ತಿಗೆ ದೊಡ್ಡಣ್ಣ ತಮ್ಮನ ತೋಳು ಹಿಡಿದುಕೊಂಡು ಬೀದಿಯ ಹಗ್ಗದ ಅಡಿಯಿಂದ ನುಸುಳಿ ಬಂದ. ಸೊಂಟದಲ್ಲಿ ಅಪ್ಪನ ಸುತ್ತಿಗೆ.

ಇಂಜಿನಿಯರ್ ಓಡಿಬಂದು, ಅಜ್ಜ, ಒಳಗೆ ಬರೋ ಹಾಗಿಲ್ಲ, ನನ್ನ ಕೆಲಸ ಹೋಗುತ್ತೆ ಅಂದ.

"ಬೀಳುತ್ತಾ ಇದು?" ಅಂತ ಕೇಳಿದ ದೊಡ್ಡಣ್ಣ.

"ಏನು ಮಾತು! ಎಲ್ಲ ಲೆಕ್ಕ ಹಾಕಿಯೇ ಮಾಡಿರೋದು."

"ಮತ್ತೆ ನಾವು ಕೆಳಗೆ ನಿಂತರೇನು?"

ಇಂಜಿನಿಯರ್ ಅವನನ್ನೂ, ಮೇಲಿನ ಕಲ್ಲನ್ನೂ, ಮತ್ತೆ ಅವನನ್ನೂ ನೋಡಿದ. ಕೂಲಿಯವರು ನಗುತ್ತಿದ್ದರು. ಅವನಿಗೂ ತನ್ನ ಲೆಕ್ಕದ ಮೇಲೆ ಅಭಿಮಾನವಿತ್ತು. ಎರಡು ಟೋಪಿ ತರಿಸಿ ಮುದುಕರ ತಲೆಗೆ ತಾನೇ ಹಾಕಿದ. ದೊಡ್ಡಣ್ಣನದು ಕಿವಿಯವರೆಗೂ ಇಳಿಯಿತು. ಎರಡು ನಿಮಿಷ ಅಂದ.

ಕಮಾನಿನ ಕೆಳಗೆ ತಣ್ಣಗಿತ್ತು. ಹೊಸ ಗಾರೆ ವಾಸನೆ, ಹಳೆ ಮರದ ವಾಸನೆ. ಬೀದಿಯ ಗದ್ದಲ ದೂರ ಹೋದ ಹಾಗಾಯಿತು. ಅಣ್ಣತಮ್ಮ ಇಬ್ಬರೂ ತಲೆಯೆತ್ತಿ ಮೇಲೆ ನೋಡಿದರು. ಇಷ್ಟು ಕಲ್ಲನ್ನು ತಲೆಯ ಮೇಲಿಟ್ಟುಕೊಂಡು ಒಬ್ಬನೇ ನಿಂತಿದ್ದ ಅವನು, ಆಚೆ ಏಳು ಜನ ಗಟ್ಟಿಗರು ದೂರದಿಂದ ನೋಡುತ್ತಿರುವಾಗ.

ದೊಡ್ಡಣ್ಣ ಸುತ್ತಿಗೆ ತೆಗೆದು ತಮ್ಮನ ಮುಂದೆ ಚಾಚಿದ.

ಮೇಷ್ಟ್ರು ತಕ್ಷಣ ಮುಟ್ಟಲಿಲ್ಲ. "ಹಿರಿಯ ನೀನಲ್ಲವಾ. ಹಿರಿಯನೇ ಹೊಡೀಬೇಕು."

"ನಾನು ನಲವತ್ತು ಸಲ ಹೊಡೆದಿದೀನಿ. ತಗೋ."

ತೆಗೆದುಕೊಂಡ. ಬಲಗೈಯಲ್ಲಿ. ತೆಗೆದುಕೊಂಡ ಮೇಲೆ ಅವನಿಗೇ ಗೊತ್ತಾಯಿತು. ಎಂಟು ವರ್ಷದವನ ಹಾಗೆ ಅಣ್ಣನ ಮುಖ ನೋಡಿದ, ಆ ಎರಡು ಮಾತು ಬರುತ್ತದೆಂದು ಕಾಯುತ್ತಾ. ಸುತ್ತಿಗೆಯನ್ನು ಎಡಗೈಗೆ ದಾಟಿಸಲು ಹೊರಟ. ಅಷ್ಟರಲ್ಲಿ ದೊಡ್ಡಣ್ಣ ಅವನ ಬಲಗೈ ಮೇಲೆ ಕೈಯಿಟ್ಟು ಹಿಡಿಯನ್ನು ಅಲ್ಲೇ ಒತ್ತಿದ.

"ನಿನಗೆ ಯಾವ ಕೈ ಬರುತ್ತೋ ಅದರಲ್ಲೇ ಹೊಡಿ. ಅವನೂ ಮಾಡಿದ್ದು ಅದನ್ನೇ."

ಮೊದಲ ಏಟು ಕಂಬಕ್ಕೆ ಬಿತ್ತು. ಎರಡನೆಯದು ಬೆಣೆಯ ಅಂಚಿಗೆ. ಮೂರನೆಯ ಏಟಿಗೆ ಬೆಣೆ ಜಾರಿ ಆಚೆ ಹೋಗಿ ಬಿತ್ತು, ಮರ ಒಂದು ಬೆರಳಷ್ಟು ಕೆಳಗಿಳಿಯಿತು, ಮೇಲೆ ಎಲ್ಲೋ ಕಲ್ಲಿಗೆ ಕಲ್ಲು ಒರಗಿಕೊಂಡ ಒಂದು ಸಣ್ಣ ಸದ್ದು. ಇಬ್ಬರ ಹಳದಿ ಟೋಪಿಗಳ ಮೇಲೂ ಸ್ವಲ್ಪ ಧೂಳು ಉದುರಿತು.

"ಆಯ್ತಾ?" ಅಂದ ಮೇಷ್ಟ್ರು. ಸುತ್ತಿಗೆ ಇನ್ನೂ ಬಿಗಿಯಾಗಿ ಹಿಡಿದೇ ಇದ್ದ.

"ಇರು," ಅಂದ ದೊಡ್ಡಣ್ಣ. "ಇನ್ನೊಂದು ಸ್ವಲ್ಪ ಹೊತ್ತು ನಿಲ್ಲೋಣ."